ಇಲ್ಲದ ಮುಟ್ಟಿಗೆ ಹೊರಗೆ ಕೂತವಳು

ನನ್ನ ಮುಟ್ಟು ನಿಂತದ್ದು ಮೂವತ್ತೇಳನೆಯ ವಯಸ್ಸಿನಲ್ಲಿ. ಆದರೆ ಐವತ್ತು ತುಂಬುವವರೆಗೂ ನಾನು ಪ್ರತಿ ತಿಂಗಳು ಮೂರು ದಿನ ಹೊರಗೆ ಕೂತೆ — ಇಲ್ಲದ ಮುಟ್ಟಿಗೆ. ಆ ಸುಳ್ಳನ್ನು ನಂಬಿ ನನ್ನ ಒಬ್ಬಳೇ ಮಗಳು ವಿಭಾ, ತಾಯಿಯಾಗಲು ತನಗಿದ್ದ ಸ್ವಲ್ಪ ಕಾಲವನ್ನೂ ಕಳೆದುಕೊಂಡಳು. ಮೊದಲೇ ಹೇಳಿಬಿಟ್ಟಿದ್ದೇನೆ. ಇನ್ನು ಹೇಗಾಯಿತು ಎಂಬುದಷ್ಟೇ ಉಳಿದಿದೆ.

ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ವ್ಯಾಯಾಮ ಶಿಕ್ಷಕಿಯಾಗಿದ್ದೆ. ನಾನು ಸೀಟಿ ಊದಿದರೆ ಇಡೀ ಮೈದಾನ ಸಾಲಾಗಿ ನಿಲ್ಲುತ್ತಿತ್ತು. ಏಳುವುದಕ್ಕೆ, ಉಣ್ಣುವುದಕ್ಕೆ, ಮಲಗುವುದಕ್ಕೆ ವೇಳೆ ಗೊತ್ತುಮಾಡಿಕೊಂಡು ಬದುಕಿದವಳು. ಮಾಳಮಡ್ಡಿಯ ನಮ್ಮ ಮನೆಯಲ್ಲಿ ಅತ್ತೆಯವರ ಮಡಿ ನನ್ನ ಶಿಸ್ತಿಗಿಂತ ಗಟ್ಟಿ. ಮುಟ್ಟಾದವಳು ಹಿತ್ತಲ ಕಡೆಯ ಕೋಣೆಯಲ್ಲಿ ಚಾಪೆ, ತಾಟು, ತಂಬಿಗೆ ಬೇರೆ ಮಾಡಿಕೊಂಡು ಕೂಡಬೇಕು. ಶಾಲೆಗೆ ಹೋಗಲು ಅಡ್ಡಿಯಿಲ್ಲ; ಸಂಜೆ ಹಿತ್ತಲ ಬಾಗಿಲಿನಿಂದ ಬರಬೇಕು, ಯಾರನ್ನೂ ಮುಟ್ಟಬಾರದು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ. ನಾನು ಹೊರಗೆ ಕೂತದ್ದು, ಒಳಗೆ ಬಂದದ್ದು ಎಲ್ಲವೂ ಅತ್ತೆಯವರ ಲೆಕ್ಕದಲ್ಲಿರುತ್ತಿತ್ತು — ಮೊಮ್ಮಗನಿಗಾಗಿ ಕಾಯುತ್ತಿದ್ದ ಲೆಕ್ಕ. ವಿಭಾ ಹುಟ್ಟಿ ಎಂಟು ವರ್ಷವಾಗಿತ್ತು.

ಆ ವರ್ಷವೇ ನನಗೆ ಮುಟ್ಟು ತಪ್ಪತೊಡಗಿತು. ಮೊದಲು ಬಸುರೆಂದುಕೊಂಡೆ. ಅಲ್ಲ. ಪರಿಚಯದವರು ಯಾರೂ ಇರದ ಹುಬ್ಬಳ್ಳಿಯ ಒಂದು ದವಾಖಾನೆಗೆ ಹೋಗಿ ತೋರಿಸಿದೆ. ಅಂಡಾಶಯ ಕೆಲಸ ನಿಲ್ಲಿಸಿದೆ, ಕೆಲವರಿಗೆ ಹೀಗೆ ಬೇಗ ಆಗುತ್ತದೆ ಎಂದರು. ಬಸ್ಸಿನಲ್ಲಿ ಮರಳಿ ಬರುವಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಊರಿನ ಹುಡುಗಿಯರನ್ನೆಲ್ಲ ಸಾಲಿನಲ್ಲಿ ನಿಲ್ಲಿಸುವವಳಿಗೆ ಸ್ವಂತ ಮೈ ಮಾತು ಕೇಳಲಿಲ್ಲ ಎಂದು...

ಮನೆಯಲ್ಲಿ ಹೇಳಬೇಕೆಂದಿದ್ದೆ. ಆದರೆ ಅದೇ ವಾರ ಅತ್ತೆಯವರು ಪಕ್ಕದ ಓಣಿಯ ಹೆಂಗಸೊಬ್ಬಳ ಸುದ್ದಿ ತೆಗೆದರು. ಅವಳಿಗೂ ಬೇಗ ನಿಂತಿತ್ತಂತೆ. "ಅಕೀದು ಮುಗೀತು ಬಿಡ. ಇನ್ನ ಆ ಮನ್ಯಾಗ ಅಕಿ ಬರೇ ರೊಟ್ಟಿ ಬಡಿಯಾಕಿ," ಎಂದು ನಕ್ಕರು. ಮರುದಿನವೇ ನಾನು ಚಾಪೆ ಎತ್ತಿಕೊಂಡು ಹಿತ್ತಲ ಕೋಣೆಗೆ ಹೋಗಿ ಕೂತೆ.

ಒಮ್ಮೆ ಕೂತ ಮೇಲೆ ಏಳುವುದು ಹೇಗೆ? ತಿಂಗಳು ತಿಂಗಳೂ ಕೂತೆ. ಒಂದೆರಡು ದಿನ ಹಿಂದೆ ಮುಂದೆ ಮಾಡುತ್ತಿದ್ದೆ, ನಿಜವೆನ್ನಿಸಲಿ ಎಂದು. ಹೊಟ್ಟೆ ನೋವೆಂದೂ ಹೇಳಿದ್ದುಂಟು. ಈಗ ತೀರಿಹೋಗಿರುವ ನನ್ನ ಯಜಮಾನರಿಗೂ ಕಡೆಯವರೆಗೆ ತಿಳಿಯಲಿಲ್ಲ. ಅತ್ತೆಯವರು ಮೊಮ್ಮಗನ ಆಸೆ ಬಿಟ್ಟರು, ಆಮೇಲೆ ಹಾಸಿಗೆ ಹಿಡಿದರು, ಹೋದರು. ನಾನು ಮಾತ್ರ ಐವತ್ತರವರೆಗೂ ನಡೆಸಿದೆ. ಹೆದರಿಕೆ ಹೋದ ಮೇಲೂ ಏಕೆ? ಎಲ್ಲರಂತೆ, ಸರಿಯಾದ ವಯಸ್ಸಿಗೆ ಮುಗಿಸಿದವಳು ಅನ್ನಿಸಿಕೊಳ್ಳಬೇಕಿತ್ತು. ಅಷ್ಟೇ ಇರಬೇಕು.

ಇಲ್ಲಿಗೇ ನಿಂತಿದ್ದರೆ ಇದು ನನ್ನೊಬ್ಬಳ ಸುಳ್ಳಾಗಿ ಉಳಿಯುತ್ತಿತ್ತು.

ವಿಭಾ ಮದುವೆಯಾಗಿ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಮನೆ ಮಾಡಿದಳು. ಮೂವತ್ತಾಗಿತ್ತು. ಪಿಎಚ್‌ಡಿ ಮುಗಿಸಿ, ಕೆಲಸ ಕಾಯಮ್ ಆದ ಮೇಲೆ ಮಗು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ತಡ ಮಾಡಿದರೆ ತೊಂದರೆಯೇ ಎಂದು ಡಾಕ್ಟರನ್ನು ಕೇಳಲು ನನ್ನನ್ನೂ ಕರೆದುಕೊಂಡು ಹೋದಳು. ಡಾಕ್ಟರ್ ಹೆಣ್ಣುಮಗಳು, ನಿಧಾನ ಮಾತಿನವರು.

"ಮುಟ್ಟು ಬರೋಬ್ಬರಿ ಬರ್ತದಂದ್ರ ಅಂಡಾಣು ಭಾಳ ಅವ ಅಂತ ಅಲ್ರಿ. ನಿಮ್ಮ ತಾಯಿಗೆ, ಅಕ್ಕ ತಂಗೇರಿಗೆ ಲಗೂ ನಿಂತಿದ್ರ ಹೇಳ್ರಿ. ಹಂಗಿದ್ರ ಈಗಽ ಒಂದು ರಕ್ತ ಪರೀಕ್ಷಾ ಮಾಡಿ ನೋಡೋಣು."

ವಿಭಾ ನಕ್ಕಳು. "ನಮ್ಮವ್ವಂದು ಎಲ್ಲಾ ಟೈಮ್‌ಟೇಬಲ್ ಪ್ರಕಾರ್ರಿ ಡಾಕ್ಟರ್! ಐವತ್ತಕ್ಕ ನಿಂತದ. ದೂರ ನಿಂತು ಊಟಾ ನೀಡಿದಾಕಿ ನಾನಽ ಇದ್ದೀನಿ, ನನಗ ಗೊತ್ತಿಲ್ಲೇನ್ರಿ?"

ಡಾಕ್ಟರೂ ನಕ್ಕರು. ನನ್ನ ಕಡೆ ತಿರುಗಿ, "ಹೌದೇನ್ರಿ ಬಾಯಾರ?" ಎಂದರು.

"ಹೌದ್ರಿ," ಎಂದೆ.

ಅಲ್ಲ ಎನ್ನಲು ಇನ್ನೊಂದು ಉಸಿರು ಸಾಕಾಗಿತ್ತು. ಆದರೆ ಮಗಳು ನಗುತ್ತಿದ್ದಳು, ನಾನು ಹೆಮ್ಮೆಯಿಂದ ನೆಟ್ಟಗೆ ಕೂತಿದ್ದೆ — "ಹಂಗಾರ ಗಡಿಬಿಡಿ ಏನಿಲ್ಲ," ಎಂದು ಡಾಕ್ಟರ್ ಕಳಿಸಿಕೊಟ್ಟರು.

ಮೂರು ವರ್ಷ ಕಳೆದು ಅವರು ಮಗು ಬೇಕೆಂದಾಗ ಮಗು ನಿಲ್ಲಲಿಲ್ಲ. ಪರೀಕ್ಷೆ ಆಯಿತು. ಅವಳ ವಯಸ್ಸಿಗೆ ಇರಬೇಕಾದುದಕ್ಕಿಂತ ಅಂಡಾಣು ತೀರಾ ಕಡಿಮೆ. ಹೆಣ್ಣುಮಗು ಹುಟ್ಟುವಾಗಲೇ ಎಲ್ಲವನ್ನೂ ಹೊತ್ತು ಬರುತ್ತದೆ, ಆಮೇಲೆ ಕಳೆಯುವುದೇ ಹೊರತು ಸೇರುವುದಿಲ್ಲ, ಹೆಚ್ಚಿಸುವ ಔಷಧವಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಆಗುವುದೇ ಇಲ್ಲವೆಂದಲ್ಲ, ಆದರೆ ಕಾಲ ಬಹಳ ಉಳಿದಿಲ್ಲ ಎಂದರು. ಐವಿಎಫ್ ಎರಡು ಸಲ ಆಯಿತು. ದಿನವೂ ಹೊಟ್ಟೆಗೆ ಸೂಜಿ. ಒಮ್ಮೆ ಒಂದೇ ಅಂಡಾಣು ಸಿಕ್ಕಿತು, ಇನ್ನೊಮ್ಮೆ ಎರಡು. ಭ್ರೂಣ ನಿಲ್ಲಲಿಲ್ಲ. ಈಗ ಬೇರೆ ಹೆಣ್ಣಿನ ಅಂಡಾಣುವಿನ ಮಾತು ನಡೆದಿದೆ.

ಅಂದೇ ನಾನು ಬಾಯಿಬಿಟ್ಟಿದ್ದರೆ ಅವಳ ಅಂಡಾಣುಗಳೇನೂ ಹೆಚ್ಚುತ್ತಿರಲಿಲ್ಲ. ಆದರೆ ಗೊತ್ತಿದ್ದು ಆರಿಸಿಕೊಳ್ಳುತ್ತಿದ್ದಳು — ಓದು ಮೊದಲೋ, ಮಗು ಮೊದಲೋ, ಮುಂದಕ್ಕೆಂದು ಅಂಡಾಣು ತೆಗೆಸಿ ಇಡುವುದೋ. ಅವಳು ಆರಿಸಬೇಕಾದುದನ್ನು ನಾನು ಆರಿಸಿದೆ, ಒಂದು ಮಾತಿನಲ್ಲಿ.

ಅವಳ ಅತ್ತೆ, "ಪುಸ್ತಕಾ ಹಡದ್ಲು, ಕೂಸು ಹಡೀಲಿಲ್ಲ," ಎಂದು ಬಂದವರೆದುರು ಹೇಳುತ್ತಾರೆ. ಅದನ್ನೂ ಕೇಳಿಸಿಕೊಂಡು ಚಹಾ ಕುಡಿದು ಬಂದಿದ್ದೇನೆ.

ಹೋದ ತಿಂಗಳು ಅವಳ ಮನೆಗೆ ಹೋದಾಗ ವಿಭಾ ಅಡುಗೆಮನೆಯಲ್ಲಿ ನಿಂತು ಯಾವುದೋ ಕಷಾಯ ಕುಡಿಯುತ್ತಿದ್ದಳು. ಚಹಾ ಬಿಟ್ಟಿದ್ದಾಳೆ, ನಸುಕಿಗೆ ಎದ್ದು ಉಣಕಲ್ ಕೆರೆಯ ಸುತ್ತ ನಡೆಯುತ್ತಾಳೆ. ಲೋಟ ತೊಳೆಯುತ್ತ ಹೇಳಿದಳು: "ನಿನ್ನಂಗ ಶಿಸ್ತಿನ್ಯಾಗ ಇದ್ದಿದ್ರ ನನಗೂ ಹಿಂಗಾಗ್ತಿದ್ದಿಲ್ಲ. ಅಲ್ಲೇನವ್ವಾ?"

ಆಗ ಹೇಳಿದೆ. ನಿಂತಲ್ಲೇ, ಎಲ್ಲವನ್ನೂ.

ಅವಳು ಕೂಗಾಡಲಿಲ್ಲ. ನಲ್ಲಿ ನಿಲ್ಲಿಸಿದಳು. ಕೇಳಿದ್ದು ಅಂಡಾಣುವಿನ ಮಾತಲ್ಲ. "ನನಗ ಜ್ವರಾ ಬಂದು 'ಅವ್ವನ ಹತ್ರ ಮಲಗ್ತೀನಿ' ಅಂತ ಅತ್ತಿದ್ದೆ. 'ಬರಬ್ಯಾಡ, ನಾ ಹೊರಗಿದ್ದೀನಿ' ಅಂದಿ ನೀ. ಖರೇ ಹೇಳು. ಅದೂ ಸುಳ್ಳಽ?"

ನಾನು ಹೌದೆಂದು ತಲೆಯಾಡಿಸಿದೆ.

"ನೀ ಮನಿಗೆ ಹೋಗವ್ವಾ," ಎಂದಳು.

ಅಂದಿನಿಂದ ಅವಳು ಫೋನು ಎತ್ತಿಲ್ಲ. ನಾನೊಬ್ಬಳೇ ಡಾಕ್ಟರ ಬಳಿ ಹೋಗಿ ಅಂದು ಹೇಳಿದ್ದು ಸುಳ್ಳೆಂದು ತಿಳಿಸಿದೆ. ಅವಳ ಅತ್ತೆಯೆದುರು ಕೂತು, ತಡವಾದದ್ದು ಅವಳ ಓದಿನಿಂದಲ್ಲ, ನನ್ನಿಂದ ಎಂದೆ. ಅವರು ನಂಬಿದರೋ ಇಲ್ಲವೋ. ಇನ್ನೊಮ್ಮೆ ಹೋಗುತ್ತೇನೆ. ನಂಬುವವರೆಗೂ ಹೋಗುತ್ತೇನೆ.

ವಿಭಾಳಲ್ಲಿ ಕ್ಷಮೆ ಕೇಳಿಲ್ಲ. ಕೇಳಿದರೆ ಅವಳು ಏನಾದರೊಂದು ಉತ್ತರ ಹುಡುಕಬೇಕಾಗುತ್ತದೆ — ಆ ಕೆಲಸವನ್ನೂ ಅವಳಿಗೆ ಹಚ್ಚಲಾರೆ.