ಟ್ರೈ ಅಕ್ಕ
ನಮ್ಮ ಆಫೀಸಿನಲ್ಲಿ ಎಲ್ಲರೂ ಅವರನ್ನು ಟ್ರೈ ಅಕ್ಕ ಎನ್ನುತ್ತೇವೆ. ಬೇರೆಯವರ ಕೋಡನ್ನು ಓದಿ, ಪದ ಪದ ಬಿಡಿಸಿಕೊಡುವ ನಮ್ಮ ಸಾಫ್ಟ್‌ವೇರ್ ಲೈಬ್ರರಿಯಲ್ಲಿ, ಕೈಕೊಡಬಹುದಾದ ಪ್ರತಿಯೊಂದು ಫಂಕ್ಷನ್ನಿನ, ಅಂದರೆ ಒಂದೊಂದು ಕೆಲಸ ಮಾಡುವ ಕೋಡಿನ ತುಣುಕಿನ, ಹೆಸರೂ 'ಟ್ರೈ' ಎಂದೇ ಶುರುವಾಗಬೇಕೆಂಬ ನಿಯಮ ಅವರದು. ಆ ಪದವಿಲ್ಲದ ಹೆಸರೆಂದರೆ ಕೆಲಸ ಆಗಿಯೇ ತೀರುತ್ತದೆಂದು ಕೊಟ್ಟ ಮಾತು. "ಹೆಸರು ನಂಬ್ಕೊಂಡು ಎಲ್ಲೋ ಯಾರೋ ಕೂತಿರ್ತಾರೆ, ಅವರಿಗೇನು ಹೇಳೋದು?" ಎಂದು ಉಗುರು ಕಚ್ಚುತ್ತಾ ನಾನಿಟ್ಟ ಹೆಸರುಗಳನ್ನೆಲ್ಲ ವಾಪಸ್ ಕಳಿಸುತ್ತಾರೆ. ಹೊಸ ಆವೃತ್ತಿ ಹೊರಬೀಳುವ ದಿನ ಅವರಿಗೆ ಊಟ ಸೇರುವುದಿಲ್ಲ. ಈ ಭಯ ಮಾತಿಗೂ ಅಂಟಿದೆ. ಮೀಟಿಂಗಿಗೆ ಕರೆದರೆ "ಬರೋಕೆ ಟ್ರೈ ಮಾಡ್ತೀನಿ" ಎನ್ನುತ್ತಾರೆ, ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಾರೆ. ಇಳಿಯುತ್ತಿರುವ ಲಿಫ್ಟಿನೊಳಗೆ ನಿಂತು ಗಂಡನಿಗೆ ಫೋನಿನಲ್ಲಿ "ಕೆಳಗೆ ಬರೋಕೆ ಟ್ರೈ ಮಾಡ್ತಿದ್ದೀನಿ ರೀ" ಎಂದದ್ದನ್ನು ನಾನೇ ಕೇಳಿದ್ದೇನೆ. ಹೋದ ತಿಂಗಳು ಅವರ ತಾಯಿಗೆ ಹೃದಯದ ಆಪರೇಷನ್ ಇತ್ತು, ನಾನೂ ಜೊತೆಗೆ ಹೋಗಿದ್ದೆ. ಸ್ಟ್ರೆಚರ್ ಒಳಗೆ ಹೋಗುವಾಗ ತಾಯಿ, "ನಾನು ಹೊರಗೆ ಬಂದಾಗ ಇಲ್ಲೇ ಇರ್ತೀಯಲ್ಲ?" ಎಂದರು. ಟ್ರೈ ಅಕ್ಕನ ತುಟಿ ಆ ಪದಕ್ಕಾಗಿ ಅಲುಗಿ, ನಿಂತಿತು. "ಇರ್ತೀನಮ್ಮ" ಎಂದರು. ಆಮೇಲೆ ಐದು ಗಂಟೆ ಆ ಬಾಗಿಲ ಮುಂದಿನ ಬೆಂಚಿನಿಂದ ಏಳಲಿಲ್ಲ. ನಾನು ತಂದುಕೊಟ್ಟ ನೀರನ್ನೂ, ಎಲ್ಲಿ ಎದ್ದು ಹೋಗಬೇಕಾಗುತ್ತದೋ ಎಂದು, ಕುಡಿಯಲಿಲ್ಲ.