ಹಾಕದೆಯೇ ಏರಿದ ಕ್ಯಾಲ್ಸಿಯಂ

ಲಿಫ್ಟ್ ರಿಪೇರಿ ಅವನ ಕಸುಬಾದ್ದರಿಂದ ಕಟ್ಟಡದವರೆಲ್ಲ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಎರಡು ಕೋಣೆಯ ಮನೆ. ಸೋಫಾ ಇರಬೇಕಾದ ಜಾಗದಲ್ಲಿ ಆಳುದ್ದದ ಗಾಜಿನ ತೊಟ್ಟಿ. ಅದರಲ್ಲಿ ಉಪ್ಪು ಬೆರೆಸಿದ ನೀರು, ನೀಲಿ ದೀಪ, ಜೀವಂತ ಹವಳಗಳು, ಅವುಗಳ ನಡುವೆ ಸದಾ ಕಚ್ಚಾಡುವ ಒಂದು ಜೊತೆ ಮೀನು. ಮನೆಗೆ ಬಂದವರು ಕೂರಲು ಜಾಗವಿಲ್ಲದೆ ನಿಂತೇ ನೋಡಿ, ನಿಂತೇ ಹೊರಟುಹೋಗುತ್ತಿದ್ದರು.

ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. "ಬೇರೆಯವರ ಗಂಡಂದಿರು ಕುಡೀತಾರೆ. ನಮ್ಮವರು ನೀರು ಅಳೀತಾರೆ. ಖರ್ಚು ಎರಡಕ್ಕೂ ಒಂದೇ," ಎನ್ನುತ್ತಿದ್ದಳು.

ಅಳೆಯುವುದು ನಿಜ. ಸಂಜೆ ಬಂದವನೇ ಕೈಗಂಟಿದ ಗ್ರೀಸ್ ತೊಳೆದು, ಪುಟ್ಟ ಸೀಸೆಗೆ ತೊಟ್ಟಿಯ ನೀರು ತುಂಬಿ, ಅದಕ್ಕೆ ಹನಿ ಹನಿ ಔಷಧ ಬಿಡುತ್ತ ಗುಲಾಬಿ ಬಣ್ಣ ನೀಲಿಗೆ ತಿರುಗುವುದನ್ನೇ ಕಾಯುತ್ತಿದ್ದ. ಎಷ್ಟು ಹನಿಗೆ ತಿರುಗಿತೋ ಅದು ಕ್ಯಾಲ್ಸಿಯಂ ಲೆಕ್ಕ. ಇನ್ನೊಂದು ಸೀಸೆಯಲ್ಲಿ ಕ್ಷಾರದ ಲೆಕ್ಕ.

ಆ ಮನೆಗೆ ಅವನ ಅತ್ತೆ ಬಂದು ಸೇರಿದರು. ಮಂಡಿನೋವು, ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿ. ಡಾಕ್ಟರು ನೀರಿನಲ್ಲಿ ಹಾಕಿದರೆ ನೊರೆಯೆದ್ದು ಕರಗುವ, ಕಿತ್ತಳೆ ರುಚಿಯ ಮಾತ್ರೆ ಬರೆದುಕೊಟ್ಟರು. ದಿನಕ್ಕೊಂದು.

ಬಂದ ವಾರವೇ ಅತ್ತೆ ಊಟದ ಮೇಜಿನಲ್ಲಿ ಕೇಳಿದರು. "ಅಳಿಯಂದಿರೇ, ಆ ಕಲ್ಲುಗಳಿಗೆ ಏನು ಸುರೀತಾ ಇರ್ತೀರಿ?"

"ಕಲ್ಲಲ್ಲ ಅತ್ತೆ, ಜೀವ. ಅದು ತನ್ನ ಮೂಳೆ ತಾನೇ ಕಟ್ಕೊಳ್ಳುತ್ತೆ. ಅದಕ್ಕೆ ಕ್ಯಾಲ್ಸಿಯಂ ಬೇಕು, ಜೊತೆಗೆ ಕ್ಷಾರವೂ ಬೇಕು. ಇಟ್ಟಿಗೆ ಒಂದನ್ನೇ ತಂದು ಗುಡ್ಡೆ ಹಾಕಿದ್ರೆ ಗೋಡೆ ಏಳುತ್ತಾ? ಗಾರೆ ಬೇಡ್ವಾ?"

"ಕ್ಯಾಲ್ಸಿಯಂ ಸಿಗದಿದ್ರೆ?"

"ಬೆಳೆಯೋದು ನಿಂತು ಸತ್ತೇ ಹೋಗುತ್ತೆ."

ಅತ್ತೆ ತೊಟ್ಟಿಯ ಕಡೆ ನೋಡಿ, "ಪಾಪ," ಅಂದರು. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಕೆಲವು ದಿನಗಳಲ್ಲಿ ಲೆಕ್ಕ ಕೆಟ್ಟಿತು. ನಾನೂರ ಇಪ್ಪತ್ತರ ಆಸುಪಾಸಿನಲ್ಲಿರಬೇಕಾದ ಕ್ಯಾಲ್ಸಿಯಂ ಮೇಲೆ ಹತ್ತತೊಡಗಿತು. ಲಿಫ್ಟಣ್ಣ ಹಾಕುವುದನ್ನು ಕಡಿಮೆ ಮಾಡಿದ. ಆಮೇಲೆ ನಿಲ್ಲಿಸಿಯೇಬಿಟ್ಟ. ಹಾಕದಿದ್ದರೂ ಅದು ಏರಿತು. ಕ್ಷಾರ ಮಾತ್ರ ಇಳಿಯುತ್ತ ಹೋಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು. ಅಕ್ವೇರಿಯಂ ಅಂಗಡಿಯವನಿಗೆ ಫೋನ್ ಮಾಡಿದರೆ, "ನೀವೇ ಮರೆತು ಎರಡು ಸಲ ಹಾಕ್ತಿರಬೇಕು," ಅಂದ.

"ಕ್ಯಾಲ್ಸಿಯಂ ಏನು ಗೋಡೆಯಿಂದ ಇಳಿದು ಬರುತ್ತಾ?" ಅಂತ ಲಿಫ್ಟಣ್ಣ ಹೆಂಡತಿಯ ಹತ್ತಿರ ಗೋಳಾಡಿದ. "ಜೊತೆಗೆ ತೊಟ್ಟಿ ಹತ್ತಿರ ಹೋದ್ರೆ ಕಿತ್ತಳೆ ಹಣ್ಣಿನ ವಾಸನೆ ಬೇರೆ."

"ಮೊದಲು ಡಾಕ್ಟರಿಗೆ ಮೂಗು ತೋರಿಸ್ಕೊಳ್ಳಿ," ಅಂದಳು ಅವಳು.

ಅವಳಿಗೆ ಅವಳದೇ ತಲೆಬಿಸಿ. ಅಮ್ಮನ ರಕ್ತಪರೀಕ್ಷೆ ಮತ್ತೆ ಮಾಡಿಸಿದ್ದಳು. ಕ್ಯಾಲ್ಸಿಯಂ ಒಂದಿಷ್ಟೂ ಏರಿರಲಿಲ್ಲ. ಮಾತ್ರೆಯ ಡಬ್ಬಿ ಮಾತ್ರ ಸರಿಯಾಗಿ ಖಾಲಿಯಾಗುತ್ತಿತ್ತು. ಡಾಕ್ಟರು ದಿನಕ್ಕೆ ಎರಡು ಮಾಡಿದರು. ಆ ವಾರದಿಂದ ತೊಟ್ಟಿಯ ಕ್ಯಾಲ್ಸಿಯಂ ಇಮ್ಮಡಿ ವೇಗದಲ್ಲಿ ಓಡಿತು. ಗಂಡ ಹೆಂಡತಿ ಒಂದೇ ಮೇಜಿಗೆ ಕೂತು, ಒಬ್ಬರು ಏರಿದ್ದಕ್ಕೆ, ಇನ್ನೊಬ್ಬರು ಏರದ್ದಕ್ಕೆ ತಲೆ ಕೆರೆದುಕೊಳ್ಳುತ್ತಿದ್ದರು. ನಡುವೆ ಕೂತ ಅತ್ತೆ ಇಬ್ಬರಿಗೂ ಸಮಾಧಾನ ಹೇಳುತ್ತಿದ್ದರು.

ಕ್ಷಾರ ತೀರಾ ಇಳಿದಾಗ ಲಿಫ್ಟಣ್ಣ ತಾಳ್ಮೆಗೆಟ್ಟ. ಕ್ಷಾರ ಏರಿಸಲು ಸ್ವಲ್ಪ ಸ್ವಲ್ಪವೇ ಹಾಕಬೇಕಾದ ಸೋಡಾವನ್ನು ಒಂದು ಚೆಂಬು ನೀರಿಗೆ ಕಲಸಿ ಒಂದೇ ಸಲ ಸುರಿದ. ಕ್ಯಾಲ್ಸಿಯಂ ಅಷ್ಟು ತುಂಬಿದ್ದ ನೀರಿಗೆ ಹಾಗೆ ಸುರಿಯಬಾರದು ಎಂದು ಅವನಿಗೆ ಗೊತ್ತಿತ್ತು, ಕೋಪಕ್ಕೆ ಗೊತ್ತಿರಲಿಲ್ಲ. ನೋಡನೋಡುತ್ತಿದ್ದಂತೆ ತೊಟ್ಟಿ ಸುಣ್ಣದ ನೀರಿನಂತೆ ಬೆಳ್ಳಗಾಯಿತು. ಹವಳವೂ ಇಲ್ಲ, ಮೀನೂ ಇಲ್ಲ, ಬರೀ ಬಿಳುಪು. ಮನೆಯ ಬಕೆಟ್ಟುಗಳು ಸಾಲದೆ ನೆರೆಮನೆಯವುಗಳನ್ನೂ ತಂದು ನೀರು ಬದಲಾಯಿಸಿದ್ದಾಯಿತು. ಮೀನುಗಳು ಬದುಕಿದ್ದವು, ಮೊದಲಿಗಿಂತ ಹೆಚ್ಚು ಸಿಡುಕುತ್ತಿದ್ದವು. ಕವಲೊಡೆದ ಹಸಿರು ಹವಳವೊಂದು ಮಾತ್ರ ಮೈ ಕಳಚಿಕೊಂಡು ಬಿಳಿ ಮೂಳೆಯಾಗಿ ಉಳಿಯಿತು. ಅದನ್ನು ಕಡ್ಡಿಯಷ್ಟಿದ್ದಾಗಿನಿಂದ ಸಾಕಿದ್ದ. ಆ ದಿನ ಅವನು ಊಟಕ್ಕೆ ಏಳಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ತೊಟ್ಟಿಯ ಹಿಂದೆ ನೆಲಕ್ಕೆ ಒರಗಿ, ಪಂಪಿಗೆ ಕಟ್ಟಿದ್ದ ಸುಣ್ಣ ಕೆರೆಯುತ್ತಿದ್ದ. ಅತ್ತೆ ಬಂದರು. ಅತ್ತ ಇತ್ತ ನೋಡಿದರು. ಮುಚ್ಚಳ ಸರಿಸಿ, ಸೆರಗಿನ ಗಂಟಿನಿಂದ ಏನೋ ತೆಗೆದು ನೀರಿಗೆ ಬಿಟ್ಟರು. ಸುಯ್ಯೆಂದು ಸದ್ದಾಯಿತು. ಕಿತ್ತಳೆ ನೊರೆ ಎದ್ದಿತು.

"ತಗೋ ಮಗಾ," ಅಂದರು ಅತ್ತೆ ಹವಳಕ್ಕೆ. "ನಿನ್ನೆಯದೂ ಸೇರಿಸಿ ಹಾಕಿದೀನಿ. ಸೊರಗಿದೀಯ."

ಲಿಫ್ಟಣ್ಣ ತೊಟ್ಟಿಯ ಹಿಂದಿನಿಂದ ನಿಧಾನವಾಗಿ ಎದ್ದ. ಗಾಜಿನಾಚೆ ಅಳಿಯನ ಮುಖ ಊದಿಕೊಂಡು ಮೇಲೇಳುವುದನ್ನು ಕಂಡು ಅತ್ತೆ ಎದೆ ಹಿಡಿದುಕೊಂಡರು.

"ಯಾವಾಗಿಂದ ಅತ್ತೆ?"

"ನೀವು ಹೇಳಿದ ಮಾರನೇ ದಿನದಿಂದ. ನನಗೆ ಆ ರುಚಿ ಕಂಡ್ರೆ ಆಗಲ್ಲ. ಮತ್ತೆ ನನ್ನ ಮೂಳೆ ಇನ್ನೇನು ಬೆಳೀಬೇಕು? ಅದಕ್ಕಾದ್ರೆ ಬೆಳೆಯೋ ವಯಸ್ಸು."

ಕ್ಷಾರವನ್ನು ಇಳಿಸಿದ್ದೂ ಆ ಮಾತ್ರೆಯ ಹುಳಿಯೇ ಎಂದು ಹೊಳೆದು, ಬೈಯಬೇಕೆಂದು ಎದ್ದವನು ಕೈಯಲ್ಲಿದ್ದ ಪಂಪನ್ನು ಕೆಳಗಿಟ್ಟ. ಇಷ್ಟು ವರ್ಷದಲ್ಲಿ ಆ ಹವಳಗಳು ಸೊರಗಿದ್ದನ್ನು ಗುರುತಿಸಿದ ಎರಡನೇ ಜೀವ ಇದೇ. ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ಹೆಂಡತಿ, ನೊರೆ ನೋಡಿದಳು, ಅಮ್ಮನ ಸೆರಗು ನೋಡಿದಳು. "ಅಂದ್ರೆ ಡಾಕ್ಟರು ಇಷ್ಟು ದಿನ ಟ್ಯಾಂಕಿಗೆ ಔಷಧಿ ಬರೀತಿದ್ರು," ಅಂದು ಅಲ್ಲೇ ನೆಲದ ಮೇಲೆ ಕೂತು ನಗತೊಡಗಿದಳು.

ಹಸಿರು ಹವಳ ಸತ್ತದ್ದಕ್ಕೆ ತಾನೇ ಕಾರಣವೆಂದು ತಿಳಿದಾಗ ಅತ್ತೆಯ ಕಣ್ಣು ತುಂಬಿತು. "ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ ಅಳಿಯಂದಿರೇ."

"ನಾನು ಹಾಕ್ಕೋತೀನಿ. ಮಾತ್ರೇನ ನೀವು ಹಾಕ್ಕೊಳ್ಳಿ ಅತ್ತೆ. ಅದನ್ನ ಕೊಂದದ್ದು ನಿಮ್ಮ ಮಾತ್ರೆ ಅಲ್ಲ, ನನ್ನ ಸೋಡಾ."

ನುಂಗುವ ಬೇರೆ ಮಾತ್ರೆ ಬಂತು. ತೊಟ್ಟಿಯ ನೀರು ವಾರವಾರವೂ ಬದಲಾಗಿ, ಎರಡು ಲೆಕ್ಕವೂ ಹದಕ್ಕೆ ಬಂದವು. ಅತ್ತೆಯ ಲೆಕ್ಕವೂ ಏರಿತು.

ಈಗ ಸಂಜೆ ಸೀಸೆ ಹಿಡಿಯುವವನು ಲಿಫ್ಟಣ್ಣ, ಬಣ್ಣ ಹೇಳುವವರು ಅತ್ತೆ.

"ನೀಲಿ ಬಂತು, ನಿಲ್ಲಿಸಿ."

"ಇನ್ನೂ ನೇರಳೆ ಅತ್ತೆ. ಒಂದು ಹನಿ ಬೇಕು."

"ಮೂವತ್ತು ವರ್ಷ ನೂಲಿನಂಗಡೀಲಿ ಬಣ್ಣ ಹೊಂದಿಸಿದ ಕಣ್ಣಿದು. ನೀಲಿ ಅಂದ್ರೆ ನೀಲಿ."

ಅವನು ಗೊಣಗುತ್ತ ಸೀಸೆ ಕೆಳಗಿಟ್ಟ.