ಮೋರೆಯಿಲ್ಲದ ಹೇಳಿಕೆ

ಮಗಳ ಮದುವೆಗೆ ಹದಿನೈದು ದಿನ ಇರುವಾಗ ನನ್ನ ಬುದ್ಧಿ ಹುಲ್ಲು ಮೇಯಲು ಹೋಗಿತ್ತು. ಕುಂದಾಪುರದ ಹೊಸ ಕ್ಲಿನಿಕ್ಕಿಗೆ ಹೋಗಿ ಹಣೆಗೆ ಬೊಟಾಕ್ಸ್, ಕೆನ್ನೆಗೆ ಫಿಲ್ಲರ್ ಚುಚ್ಚಿಸಿಕೊಂಡು ಬಂದೆ. ಬೀಗಿತ್ತಿ ನನಗಿಂತ ನಾಲ್ಕು ವರ್ಷ ದೊಡ್ಡವಳು, ನೋಡಲು ಹತ್ತು ವರ್ಷ ಚಿಕ್ಕವಳು. ಫೋಟೋದಲ್ಲಿ ಅವಳ ಪಕ್ಕ ನಿಲ್ಲಬೇಕಲ್ಲ! ವಾರದೊಳಗೆ ಹಣೆ ಇಸ್ತ್ರಿ ಹಾಕಿದ ಹಾಗಾಯಿತು. "ಇನ್ನು ನಿಮ್ಮ ಮನಸ್ಸಲ್ಲಿ ಏನಿದೆ ಅಂತ ಯಾರಿಗೂ ಗೊತ್ತಾಗಲ್ಲ ಮೇಡಂ" ಎಂದು ಡಾಕ್ಟರಮ್ಮ ಹೆಮ್ಮೆಪಟ್ಟರು. ನಾನೂ ಪೆದ್ದಿ, ಹಲ್ಲು ಕಿರಿದೆ.

ನಮ್ಮಲ್ಲಿ ಕಾರ್ಡು ಕಳಿಸಿದರೆ ಮದುವೆಗೆ ಕರೆದಂತಲ್ಲ. ಹೆತ್ತ ತಾಯಿಯಾದರೂ ಸರಿ, ಮನೆಗೆ ಹೋಗಿ ಎದುರು ನಿಂತು ಕರೆಯಬೇಕು. ಅದಕ್ಕೇ ಹೇಳಿಕೆ ಎನ್ನುವುದು. ಅಮ್ಮ ನಲವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ಗಿರಾಕಿ ಬಾಯಲ್ಲಿ ಏನೇ ಹೇಳಲಿ, ಕೊಳ್ಳುವವರು ಯಾರು, ಸುಮ್ಮನೆ ಮೂಸುವವರು ಯಾರು ಎಂಬುದನ್ನು ಹುಬ್ಬು ನೋಡಿಯೇ ತೀರ್ಮಾನಿಸುತ್ತಿದ್ದಳು. ಕಿವಿ ಹೋದ ಮೇಲಂತೂ ಮೋರೆಯೇ ಅವಳಿಗೆ ಮಾತು.

ಕೋಡಿ ಊರಿನ ತವರುಮನೆಯ ಜಗಲಿಯಲ್ಲಿ ಅವಳ ಕೈ ಹಿಡಿದು ಕರೆದೆ. ಅವಳು ನನ್ನ ಹಣೆಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಬಂಗುಡೆ ಮೀನು ಒತ್ತಿ ನೋಡುವ ಹಾಗೆ ಹೆಬ್ಬೆರಳಿನಿಂದ ಕೆನ್ನೆ ಒತ್ತಿದಳು.

"ನೀ ಬಾಯಗೆ ಬಾ ಅಂತೆ, ಮೋರ್ಯಗೆ ಇಲ್ಲ. ಕೆನ್ನಿ ಊದ್ಸ್ಕಂಡ್ ಕೂತ್ಕಂಡಿದ್ದೆ. ಇಂಥ ಹೇಳ್ಕಿಗೆ ನಾ ಮದಿಗೆ ಬತ್ತಿಲ್ಲೆ."

ತಮ್ಮನ ಹೆಂಡತಿ ಅವಳ ಕಿವಿಗೆ ಬಾಯಿಟ್ಟು, "ಅತ್ತೆ, ಅದ್ ಚೆಂದ ಕಾಂಬುಕೆ ಇಂಜೆಕ್ಷನ್ ತಕಂಡದ್ದ್" ಎಂದು ಕೂಗಿದಳು.

"ಜ್ವರ ಇಲ್ದೆ ಮೋರಿಗೆ ಸೂಜಿ ಕುತ್ಸ್ಕಂಬರ್ ಯಾರ್? ಸುಳ್ಳ್ ಹೇಳುದಾರೂ ನಂಬು ಹಾಂಗ್ ಹೇಳ್ಕ್."

ಕ್ಲಿನಿಕ್ಕಿಗೆ ಓಡಿದೆ. ಕೆನ್ನೆಯದ್ದನ್ನು ಬೇಕಾದರೆ ಕರಗಿಸಬಹುದು, ಹಣೆಗೆ ಮೂರು ನಾಲ್ಕು ತಿಂಗಳು ಕಾಯಲೇಬೇಕು ಎಂದರು. ಮದುವೆಗೆ ಉಳಿದದ್ದು ಒಂದೇ ವಾರ.

ಮುಹೂರ್ತದ ದಿನ ಅಮ್ಮನಿಗೆಂದು ಕಳಿಸಿದ ಕಾರು ಖಾಲಿ ಬಂತು. ಕಲ್ಯಾಣಮಂಟಪದಲ್ಲಿ ಸಿಕ್ಕವರೆಲ್ಲ, "ಹ್ವಾಯ್, ಹೆಣ್ಣಿನ ಅಕ್ಕ ಅಂದ್ಕಂಡೆ!" ಎಂದರು. ಈ ಒಂದು ಮಾತಿಗಾಗಿಯೇ ಚುಚ್ಚಿಸಿಕೊಂಡಿದ್ದೆ; ಕೇಳಿದಾಗ ನಾಚಿಕೆಯಾಯಿತು. ಮಗಳು ಅಜ್ಜಿ ಬಂದಳೇ ಎಂದು ಬಾಗಿಲ ಕಡೆಗೇ ನೋಡುತ್ತಿದ್ದಳು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಕನ್ನಡಿಯಲ್ಲಿ ನೋಡಿದರೆ ಕಣ್ಣೀರು ಇಳಿಯುತ್ತಿದೆ, ಹಣೆಗೆ ಅದರ ಸುದ್ದಿಯೇ ಮುಟ್ಟಿಲ್ಲ.

ಮದುವೆ ಕಳೆದ ಮೇಲೆ ಕೆನ್ನೆಯದ್ದನ್ನು ಕರಗಿಸಿಕೊಂಡೆ; ನಾಲ್ಕನೇ ತಿಂಗಳಿಗೆ ಹಣೆಯ ಗೆರೆಗಳೂ ಮರಳಿದವು. ಆ ದಿನವೇ ಬಸ್ಸು ಹತ್ತಿ ಅಮ್ಮನೆದುರು ಹೋಗಿ ನಿಂತು, "ತಪ್ಪಾಯ್ತ್ ಅಮ್ಮ" ಎಂದೆ. ಅವಳು ಹಣೆ ನೋಡಿದಳು, ಹುಬ್ಬು ನೋಡಿದಳು, ಸೆರಗಿನಿಂದ ನನ್ನ ಕಣ್ಣೊರೆಸಿದಳು.

"ಈಗ ಕರ್ದಾಂಗ್ ಆಯ್ತ್ ಕಾಣ್. ಮದಿ ಯಾವತ್ತ್?"